ಹತ್ತು ವರ್ಷದ ಹುಡುಗ ತಾಯಿಯ ಮುಟ್ಟಿನ ತೊಂದರೆಯನ್ನು ಡಾಕ್ಟರಿಗೆ ಹೇಗೆ ಹೇಳಬೇಕು? ನಿಮ್ಮ ಆಸ್ಪತ್ರೆಯಲ್ಲಿ ರೋಗಿಯ ಭಾಷೆ ಬಲ್ಲವರು ಯಾರಿದ್ದಾರೆ?

ಪ್ರಶ್ನೆ: ವಿಜಯಪುರ ಜಿಲ್ಲೆಯ ನರ್ಸ್

ಎಲ್ಲರಿಗೂ ನಮಸ್ಕಾರ. ವಿಜಯಪುರ ಜಿಲ್ಲೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ನಾನು ಹದಿನಾಲ್ಕು ವರ್ಷಗಳಿಂದ ನರ್ಸ್. ಊರಿನ ಹೆಸರು ಬೇಡ. ಸುತ್ತಲಿನ ತಾಂಡಾಗಳಿಂದ ಲಂಬಾಣಿ ಹೆಣ್ಣುಮಕ್ಕಳು ನಮ್ಮಲ್ಲಿಗೆ ಬರುತ್ತಾರೆ. ಊರೊಳಗಿನ ಓಣಿಗಳಿಂದ ಉರ್ದು ಮಾತನಾಡುವವರು, ಗಡಿಯಾಚೆಯ ಜತ್ತ, ಮಂಗಳವೇಢೆ ಕಡೆಯಿಂದ ಮರಾಠಿಯವರೂ ಬರುತ್ತಾರೆ. ಸಂತೆಯ ದಿನವಂತೂ ಚೀಟಿ ಕೊಡುವ ಕಿಟಕಿಯ ಮುಂದೆ ನಿಂತರೆ ನಾಲ್ಕು ಭಾಷೆಗಳು ಒಟ್ಟಿಗೆ ಕಿವಿಗೆ ಬೀಳುತ್ತವೆ. ಒಳಗೆ ಡಾಕ್ಟರ ಕೋಣೆಯಲ್ಲಿರುವುದು ಒಂದೇ ಭಾಷೆ.

ಕಳೆದ ಜ್ಯೇಷ್ಠದಲ್ಲಿ ನಡೆದದ್ದನ್ನು ಹೇಳಿ, ಆಮೇಲೆ ನನ್ನ ಪ್ರಶ್ನೆ ಕೇಳುತ್ತೇನೆ.

ತಾಂಡಾದಿಂದ ಒಬ್ಬ ಹೆಣ್ಣುಮಗಳು ಬಂದಳು. ವಯಸ್ಸು ಮೂವತ್ತೆಂಟು ಇರಬಹುದು. ಜೊತೆಗೆ ಐದನೆಯ ತರಗತಿಯ ಮಗ, ಬೆನ್ನಿಗೆ ಶಾಲೆಯ ಚೀಲ. ಅವಳಿಗೆ ಸಂತೆಯಲ್ಲಿ ಕಾಯಿಪಲ್ಲೆ ಚೌಕಾಸಿ ಮಾಡುವಷ್ಟು ಕನ್ನಡ ಬರುತ್ತದೆ, ತನ್ನ ಮೈಯ ತೊಂದರೆ ಹೇಳುವಷ್ಟು ಬರುವುದಿಲ್ಲ. ತಾಯಿ ಮಗನ ಕಿವಿಯಲ್ಲಿ ಏನೋ ಹೇಳಿದಳು. ಹುಡುಗ ನೆಲ ನೋಡುತ್ತ ನಿಂತ. ಡಾಕ್ಟರು ಮತ್ತೊಮ್ಮೆ ಕೇಳಿದಾಗ, "ಹೊಟ್ಟೆ ನೋವಂತೆ" ಎಂದ. ಎಷ್ಟು ದಿನದಿಂದ? ತಾಯಿ ಬೆರಳು ಎಣಿಸಿ ಬಹಳ ಹೊತ್ತು ಮಾತನಾಡಿದಳು. ಮಗ ಅದನ್ನೆಲ್ಲ ಎರಡು ಮಾತಿಗೆ ಇಳಿಸಿದ: "ಬಹಳ ದಿನದಿಂದ." ಹೊರಗೆ ಎಪ್ಪತ್ತು ಜನ ಕಾಯುತ್ತಿದ್ದರು. ಜಂತುಹುಳುವಿನ ಗುಳಿಗೆ, ಗ್ಯಾಸಿನ ಗುಳಿಗೆ ಬರೆದು ಕಳುಹಿಸಿದೆವು. ಕಳುಹಿಸಿದೆವು ಎಂದೇ ಬರೆಯುತ್ತೇನೆ, ಏಕೆಂದರೆ ನಾನೂ ಅಲ್ಲಿಯೇ ನಿಂತಿದ್ದೆ. ಆ ಹುಡುಗನ ಕಿವಿ ಕೆಂಪಾಗಿದ್ದನ್ನು ನೋಡಿದೆ. ನೋಡಿಯೂ ಮುಂದಿನ ಚೀಟಿ ಕೂಗಿದೆ.

ಐದು ವಾರಗಳ ಮೇಲೆ ಅವಳನ್ನು ಟಂಟಂ ಗಾಡಿಯಲ್ಲಿ ಮಲಗಿಸಿ ತಂದರು. ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿದರೆ ಕಾಗದದ ಬಿಳುಪು. ರಕ್ತದ ಹಿಮೋಗ್ಲೋಬಿನ್ 5.8ಕ್ಕೆ ಇಳಿದಿತ್ತು. ಅಂದು ನಮ್ಮ ಆಸ್ಪತ್ರೆಯ ಕಸ ಗುಡಿಸುವ ಬಾಯಿಯನ್ನು, ಎಂದರೆ ಆ ಕೆಲಸದ ಹೆಣ್ಣುಮಗಳನ್ನು, ಕರೆದೆ. ಅವಳೂ ಲಂಬಾಣಿ, ಬೇರೆ ತಾಂಡಾದವಳು. ಪರದೆ ಎಳೆದು ಇಬ್ಬರನ್ನೂ ಕೂಡಿಸಿದೆ. ಹತ್ತು ನಿಮಿಷದಲ್ಲಿ ಎಲ್ಲವೂ ಹೊರಬಂತು. ಎಂಟು ತಿಂಗಳಿಂದ ಮುಟ್ಟು ನಿಲ್ಲುತ್ತಿಲ್ಲ, ರಕ್ತ ಗಡ್ಡೆ ಗಡ್ಡೆಯಾಗಿ ಹೋಗುತ್ತದೆ. ಕಬ್ಬಿನ ಹೊಲದಲ್ಲಿ ಬಟ್ಟೆ ಬದಲಿಸುವ ಜಾಗವಿಲ್ಲದೆ ಎರಡೆರಡು ಲಂಗ ತೊಡುತ್ತಿದ್ದಳು. ನಮ್ಮಲ್ಲಿಂದ ಹೋದ ಮೇಲೆ ಒಂದು ಖಾಸಗಿ ಆಸ್ಪತ್ರೆಗೂ ಹೋಗಿದ್ದಳು. "ಚೀಲ ತೆಗೆಸಬೇಕು, ಇಲ್ಲದಿದ್ದರೆ ಕ್ಯಾನ್ಸರ್ ಆಗುತ್ತದೆ" ಎಂದು ಅಲ್ಲಿ ಹೇಳಿದರಂತೆ. ಚೀಲ ಎಂದರೆ ಗರ್ಭಕೋಶ. ಆ ಮಾತನ್ನು ತಾಯಿಗೆ ಹೇಳಿದವನೂ ಅದೇ ಮಗ. ಕಿವಿಯ ಬಂಗಾರ ಒತ್ತೆ ಇಡಲು ಮಾತು ಮುಗಿದಿತ್ತು.

2015ರಲ್ಲಿ ನಮ್ಮ ಪಕ್ಕದ ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಹೆಣ್ಣುಮಕ್ಕಳ ಗರ್ಭಕೋಶಗಳನ್ನು ಅನಗತ್ಯವಾಗಿ ತೆಗೆದ ದೂರುಗಳು ಹೊರಬಂದು ತನಿಖೆ ನಡೆದದ್ದು ನಿಮಗೆ ನೆನಪಿರಬಹುದು. ನನಗೆ ಅಂದು ಅದೇ ಕಣ್ಣ ಮುಂದೆ ಬಂತು. ರಕ್ತ ಹಾಕಿಸಿ, ಜಿಲ್ಲಾ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿಸಿದೆವು. ಗರ್ಭಕೋಶದಲ್ಲಿ ಒಂದು ಸಣ್ಣ ಗಡ್ಡೆ. ಸದ್ಯಕ್ಕೆ ಶಸ್ತ್ರಚಿಕಿತ್ಸೆ ಬೇಡ, ಗುಳಿಗೆಯಲ್ಲಿ ರಕ್ತಸ್ರಾವ ಹಿಡಿತಕ್ಕೆ ಬರುತ್ತದೋ ನೋಡೋಣ ಎಂದರು ಅಲ್ಲಿನ ಸ್ತ್ರೀರೋಗ ತಜ್ಞೆ. ಬರುತ್ತಿದೆ.

ಈಗ ನನ್ನ ಪ್ರಶ್ನೆ. ಕಸ ಗುಡಿಸುವ ಆ ಬಾಯಿಯನ್ನು ಅಂದಿನಿಂದ ದಿನಕ್ಕೆ ಐದಾರು ಸಲ ಕರೆಯುತ್ತಿದ್ದೇವೆ. ಅವಳು ಬಂದು ಮಾತನಾಡಿ ಹೋಗುವಷ್ಟರಲ್ಲಿ ವಾರ್ಡಿನ ನೆಲ ಹಾಗೆಯೇ ಉಳಿದಿರುತ್ತದೆ, ಅದಕ್ಕೆ ಮೇಲ್ವಿಚಾರಕರಿಂದ ಬೈಗುಳ. ಅವಳು ಗುತ್ತಿಗೆಯ ಕೆಲಸದವಳು, ಈ ಮಾತಿನ ಕೆಲಸಕ್ಕೆ ಒಂದು ರೂಪಾಯಿ ಹೆಚ್ಚಿಗೆ ಇಲ್ಲ. ಹೀಗೆ ಅವಳ ಒಳ್ಳೆಯತನದ ಮೇಲೆ ನಡೆಸಿಕೊಂಡು ಹೋಗುವುದು ನನಗೆ ಸರಿಯೆನಿಸುತ್ತಿಲ್ಲ. ನಿಮ್ಮ ಆಸ್ಪತ್ರೆಗಳಲ್ಲಿ ಏನು ಮಾಡುತ್ತೀರಿ? ಭಾಷೆಯೊಂದೇ ಅಲ್ಲ, ಉಪವಾಸ, ಊಟ, ನಾಚಿಕೆ, ನಂಬಿಕೆ ಇವೆಲ್ಲವನ್ನೂ ಹೇಗೆ ನಿಭಾಯಿಸುತ್ತೀರಿ? ಮಾಡಿ ನೋಡಿದ್ದನ್ನೇ ಹೇಳಿ ಎಂದು ಕೇಳಿಕೊಳ್ಳುತ್ತೇನೆ.

ಉತ್ತರ 1: ತಾಂಡಾದ ಮಗಳು, ಬಾಗಲಕೋಟೆ ಜಿಲ್ಲೆ

ಅಕ್ಕಾ, ಆ ಹುಡುಗನ ಜಾಗದಲ್ಲಿ ನಾನೂ ಒಮ್ಮೆ ನಿಂತಿದ್ದೆ.

ನಾನು ತಾಂಡಾದಲ್ಲಿ ಹುಟ್ಟಿದವಳು, ಈಗ ಉಪಕೇಂದ್ರದಲ್ಲಿ ಕಿರಿಯ ಆರೋಗ್ಯ ಸಹಾಯಕಿ. ನನಗೆ ಹನ್ನೊಂದು ವರ್ಷವಿದ್ದಾಗ ಅಜ್ಜಿಯನ್ನು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಮನೆಯಲ್ಲಿ ಚೆನ್ನಾಗಿ ಕನ್ನಡ ಬರುತ್ತಿದ್ದದ್ದು ನನಗೆ ಮಾತ್ರ. ಬಾಯಿಯ ಕ್ಯಾನ್ಸರ್, ಬಹಳ ಮುಂದುವರಿದಿದೆ ಎಂದು ಡಾಕ್ಟರು ನನಗೆ ಹೇಳಿದರು, ಅಜ್ಜಿಗೆ ಹೇಳು ಎಂದರು. ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದಳು. "ಹುಣ್ಣಂತೆ, ವಾಸಿಯಾಗುತ್ತದಂತೆ" ಎಂದೆ. ಅವಳು ಹೋಗುವವರೆಗೂ ನಾನು ಅದನ್ನು ಯಾರಿಗೂ ಹೇಳಲಿಲ್ಲ. ಆ ನಾಲ್ಕು ತಿಂಗಳು ಅಜ್ಜಿ ಪಕ್ಕದಲ್ಲಿ ಕರೆದು ಮಲಗಿಸಿಕೊಂಡಾಗಲೆಲ್ಲ ನನಗೆ ಹೇಗಾಗುತ್ತಿತ್ತು ಎಂಬುದನ್ನು ಇಂದಿಗೂ ಬರೆಯಲಾರೆ. ಆದ್ದರಿಂದ ನನ್ನ ಕೇಂದ್ರದಲ್ಲಿ ಮಕ್ಕಳನ್ನು ಮಾತಿಗೆ ನಿಲ್ಲಿಸಿಕೊಳ್ಳುವುದಿಲ್ಲ. ಎಷ್ಟೇ ಅವಸರವಿರಲಿ.

ನಿಮಗೆ ಉಪಯೋಗವಾಗುವ ಮಾತುಗಳು ಕೆಲವು. ನಿಮ್ಮ ಆ ಬಾಯಿ ಬೇರೆ ತಾಂಡಾದವಳಾಗಿದ್ದರಿಂದಲೇ ಕೆಲಸವಾಯಿತು. ಅದೇ ತಾಂಡಾದವಳಾಗಿದ್ದರೆ ರೋಗಿ ಬಾಯಿ ಬಿಡುತ್ತಿರಲಿಲ್ಲ. ಸಂಜೆಯೊಳಗೆ ಸುದ್ದಿ ತಾಂಡಾದ ಮುಖ್ಯಸ್ಥರಾದ ನಾಯಕರ ಮನೆಯ ಕಟ್ಟೆಗೆ ತಲುಪುತ್ತದೆ ಎಂಬ ಹೆದರಿಕೆ ನಮ್ಮ ಹೆಣ್ಣುಮಕ್ಕಳಿಗೆ ಯಾವಾಗಲೂ ಇರುತ್ತದೆ. ಭಾಷೆ ಬಂದರೆ ಸಾಲದು, ಅವಳು ಯಾರ ಮನೆಯವಳು ಎಂಬುದನ್ನೂ ನೋಡಬೇಕು.

ನಮ್ಮ ಗೋರ್ ಬೋಲಿಗೆ, ಎಂದರೆ ಲಂಬಾಣಿ ಭಾಷೆಗೆ, ಸ್ವಂತ ಲಿಪಿ ಇಲ್ಲ. ಕರ್ನಾಟಕದಲ್ಲಿ ಕನ್ನಡ ಲಿಪಿಯಲ್ಲಿ ಬರೆಯುತ್ತೇವೆ, ಮಹಾರಾಷ್ಟ್ರದಲ್ಲಿ ದೇವನಾಗರಿಯಲ್ಲಿ. ನಮ್ಮ ಯಾಡಿಯರು, ಎಂದರೆ ತಾಯಂದಿರು, ಎರಡನ್ನೂ ಓದುವುದಿಲ್ಲ. ಗೋಡೆಗೆ ಎಷ್ಟು ಫಲಕ ಅಂಟಿಸಿದರೂ ಅವರಿಗೆ ಗೋಡೆಯೇ. ನಾನು ಮೊಬೈಲಿನಲ್ಲಿ ನನ್ನ ದನಿಯಲ್ಲೇ ಮಾತುಗಳನ್ನು ಹಿಡಿದಿಟ್ಟಿದ್ದೇನೆ: ಕಬ್ಬಿಣದ ಗುಳಿಗೆ ನುಂಗಿದರೆ ಮಲ ಕಪ್ಪಾಗುತ್ತದೆ, ಹೆದರಬೇಡಿ, ಚಹಾದ ಜೊತೆ ನುಂಗಬೇಡಿ, ಲಿಂಬೆ ಹಿಂಡಿದ ನೀರಿನ ಜೊತೆ ನುಂಗಿ. ಮೊದಲು ಗುಳಿಗೆಯ ಪೊಟ್ಟಣಗಳು ತಿಪ್ಪೆಯಲ್ಲಿ ಸಿಗುತ್ತಿದ್ದವು. ಕಪ್ಪು ಮಲ ನೋಡಿ ಒಳಗೆ ಏನೋ ಕೊಳೆಯುತ್ತಿದೆ ಎಂದುಕೊಂಡು ಎಸೆಯುತ್ತಿದ್ದರು. ಒಬ್ಬರೂ ಅದನ್ನು ನನಗೆ ಬಾಯಿಬಿಟ್ಟು ಹೇಳಿರಲಿಲ್ಲ.

ಇನ್ನೊಂದು. ದೀಪಾವಳಿಯ ಹೊತ್ತಿಗೆ ಅರ್ಧ ತಾಂಡಾ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೊರಡುತ್ತದೆ. ಕ್ಷಯದ ಗುಳಿಗೆ ಆರು ತಿಂಗಳು ತಪ್ಪದೆ ನುಂಗಬೇಕು. ಆಷಾಢದಲ್ಲಿ ಶುರು ಮಾಡಿದವರು ನಡುವೆಯೇ ಗಾಡಿ ಹತ್ತುತ್ತಾರೆ. "ನೀವು ಯಾವಾಗ ಹೊರಡುತ್ತೀರಿ, ಯಾವ ಕಾರ್ಖಾನೆಗೆ?" ಎಂದು ಮೊದಲ ದಿನವೇ ಕೇಳಿ ಬರೆದುಕೊಳ್ಳಿ. ಕ್ಷಯರೋಗಿಗಳ ಸರ್ಕಾರಿ ಆನ್‌ಲೈನ್ ದಾಖಲೆಯಾದ ನಿಕ್ಷಯ್‌ನಲ್ಲಿ ರೋಗಿಯ ವಿವರವನ್ನು ಅಲ್ಲಿನ ಆಸ್ಪತ್ರೆಗೆ ವರ್ಗಾಯಿಸಬಹುದು. ಆ ಗುಳಿಗೆಯಿಂದ ಮೂತ್ರ ಕೆಂಪಗೆ, ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ ಎಂಬುದನ್ನೂ ಮೊದಲೇ ಹೇಳಿ. ರಕ್ತವೆಂದು ತಿಳಿದು ಗುಳಿಗೆ ಬಿಟ್ಟವರನ್ನು ನಾನು ಕಂಡಿದ್ದೇನೆ.

ಉತ್ತರ 2: ಮೈಸೂರು ಕಡೆಯ ವೈದ್ಯ

ಸಿಸ್ಟರ್, ನಿಮ್ಮ ಬರಹ ಓದಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ನಾನು ಬೆಳಗಾವಿ ಜಿಲ್ಲೆಯಲ್ಲಿ ಕೆಲಸಕ್ಕೆ ಸೇರಿ ಮೂರು ವರ್ಷವಾಯಿತು. ಕನ್ನಡದವನೇ ಆಗಿದ್ದರಿಂದ ಭಾಷೆಯ ತೊಂದರೆ ನನಗಿಲ್ಲ ಎಂದುಕೊಂಡಿದ್ದೆ. ಮೊದಲ ವಾರದಲ್ಲಿಯೇ ಒಬ್ಬ ಅಜ್ಜ ಬಂದು ಹೊಟ್ಟೆ ಕಡಿಯುತ್ತಿದೆ ಎಂದರು. ನಮ್ಮ ಕಡೆ ಕಡಿತ ಎಂದರೆ ತುರಿಕೆ. ಅಂಗಿ ಎತ್ತಿಸಿ ಚರ್ಮ ನೋಡಿದೆ, ಏನೂ ಕಾಣಲಿಲ್ಲ, ಹಚ್ಚಿಕೊಳ್ಳಲು ಮುಲಾಮು ಬರೆದೆ. ಇಲ್ಲಿ ಅದು ಹೊಟ್ಟೆನೋವು. ಫಾರ್ಮಸಿಸ್ಟ್ ಚೀಟಿ ನೋಡಿ ಅಜ್ಜನನ್ನು ವಾಪಸು ಕರೆತಂದರು. ಅವರು ಕರೆತರದಿದ್ದರೆ ಏನಾಗುತ್ತಿತ್ತೋ.

ಅಂದಿನಿಂದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಜಡ್ಡು ಎಂದರೆ ಕಾಯಿಲೆ. ತಲೆಶೂಲೆ ಎಂದರೆ ತಲೆನೋವು. ಆರಾಮ ಇಲ್ಲ ಎಂದರೆ ವಿಶ್ರಾಂತಿಯ ಮಾತಲ್ಲ, ಮೈ ಸರಿಯಿಲ್ಲ. ಕಸುವಿಲ್ಲ ಎಂದರೆ ಶಕ್ತಿಯಿಲ್ಲ. ಕಾಮಣಿ ಎಂದರೆ ಕಾಮಾಲೆ, ಅದನ್ನೇ ಮರಾಠಿಯವರು ಕಾವೀಳ ಎನ್ನುತ್ತಾರೆ. ಹೊರಕಡೆಗೆ ಹೋಗುವುದು ಒಂದು, ಹೊರಗಾಗುವುದು ಇನ್ನೊಂದು. ಮೊದಲನೆಯದು ಮಲವಿಸರ್ಜನೆ, ಎರಡನೆಯದು ಮುಟ್ಟು. ಈ ಎರಡನ್ನು ನಾನು ಅದಲುಬದಲು ಮಾಡಿಕೊಂಡ ದಿನ ಒಬ್ಬ ತಾಯಿ ಅರ್ಧಕ್ಕೆ ಎದ್ದು ಹೋದರು.

ನಾನು ಕಲಿತ ಇನ್ನೊಂದು ಪಾಠ: "ತಿಳಿಯಿತೇ?" ಎಂದು ಕೇಳಬಾರದು. ಎಲ್ಲರೂ "ಹೂಂ ರೀ" ಎನ್ನುತ್ತಾರೆ. ಅದು ಸಾಹೇಬರಿಗೆ ಕೊಡುವ ಮರ್ಯಾದೆ, ತಿಳಿದದ್ದಕ್ಕೆ ಸಾಕ್ಷಿಯಲ್ಲ. ಈಗ ಗುಳಿಗೆಯನ್ನು ಅವರ ಕೈಯಲ್ಲಿಟ್ಟು, "ಮನೆಗೆ ಹೋಗಿ ಸೊಸೆಗೆ ಇದನ್ನು ಹೇಗೆ ಹೇಳುತ್ತೀರಿ, ನನಗೆ ಹೇಳಿ ತೋರಿಸಿ" ಎನ್ನುತ್ತೇನೆ. ಅವರು ತಪ್ಪು ಹೇಳಿದರೆ ಅದು ನಾನು ಸರಿಯಾಗಿ ಹೇಳಿಲ್ಲವೆಂಬ ಲೆಕ್ಕ. ಒಬ್ಬೊಬ್ಬರಿಗೆ ಒಂದು ನಿಮಿಷ ಹೆಚ್ಚು ಹಿಡಿಯುತ್ತದೆ.

ಉತ್ತರ 3: ಗುಮ್ಮಟ ನಗರದ ಮಾಸ್ತರರು

ನಾನು ಆಸ್ಪತ್ರೆಯವನಲ್ಲ, ವಿಜಯಪುರದಲ್ಲಿ ಶಾಲೆಯ ಶಿಕ್ಷಕ. ತಾವು ಉಪವಾಸದ ಮಾತು ಎತ್ತಿದ್ದರಿಂದ ಬರೆಯುತ್ತಿದ್ದೇನೆ, ಸಿಸ್ಟರ್.

ನಮ್ಮ ಅಬ್ಬಾಜಾನ್ ಅವರಿಗೆ ಅರವತ್ತನಾಲ್ಕು ವರ್ಷ, ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ. ರಮಜಾನಿನಲ್ಲಿ ರೋಜಾ ಇರಬಹುದೇ ಎಂದು ಕೇಳಿದ್ದಕ್ಕೆ ಮೊದಲಿನ ಡಾಕ್ಟರು ಚೀಟಿಯಿಂದ ತಲೆ ಎತ್ತದೆ "ಬೇಡ" ಎಂದರು. ಏಕೆ, ಇದ್ದರೆ ಏನಾಗುತ್ತದೆ, ಒಂದು ಮಾತೂ ಇಲ್ಲ. ಅಬ್ಬಾಜಾನ್ ಮರುವರ್ಷ ಕೇಳುವುದನ್ನೇ ಬಿಟ್ಟರು. ರೋಜಾ ಬಿಡಲಿಲ್ಲ. ಸಕ್ಕರೆ ಇಳಿಸುವ ಬೆಳಗಿನ ಗ್ಲಿಮಿಪಿರೈಡ್ ಗುಳಿಗೆಯನ್ನು ಸಹರಿಯಲ್ಲಿ, ಎಂದರೆ ನಸುಕಿನ ಊಟದಲ್ಲಿ, ನುಂಗಿ ದಿನವಿಡೀ ಹಸಿದಿದ್ದರು. ನಮ್ಮ ಊರಿನ ಏಪ್ರಿಲ್ ಬಿಸಿಲು ತಮಗೆ ಗೊತ್ತು. ನಾಲ್ಕನೆಯ ರೋಜಾದ ದಿನ ಇಳಿಹೊತ್ತಿನ ಅಸರ್ ನಮಾಜಿನ ಹೊತ್ತಿಗೆ ಬೆವರಿ, ನಡುಗಿ, ನಮ್ಮನ್ನು ಗುರುತಿಸದ ಸ್ಥಿತಿಗೆ ಬಂದರು. ಸಕ್ಕರೆ 48ಕ್ಕೆ ಇಳಿದಿತ್ತು.

ಆಮೇಲೆ ನಮಗೆ ಸಿಕ್ಕ ಡಾಕ್ಟರು ಲಿಂಗಾಯತರು, ತಾವೇ ಶ್ರಾವಣ ಸೋಮವಾರ ಉಪವಾಸ ಮಾಡುವವರು. ರಮಜಾನಿಗೆ ಎರಡು ತಿಂಗಳು ಮೊದಲೇ ಬನ್ನಿ ಎಂದರು. ಮೂತ್ರಪಿಂಡ, ಹೃದಯ ಎಲ್ಲ ಪರೀಕ್ಷಿಸಿದರು. ಆ ಗುಳಿಗೆಯನ್ನು ಸಂಜೆ ರೋಜಾ ಬಿಡುವ ಇಫ್ತಾರಿನ ಊಟಕ್ಕೆ ಬದಲಿಸಿದರು. ಸಕ್ಕರೆ 70ಕ್ಕಿಂತ ಇಳಿದರೆ ಅಥವಾ 300 ದಾಟಿದರೆ ಅದೇ ಕ್ಷಣ ರೋಜಾ ಮುರಿಯಬೇಕು ಎಂದು ಕಾಗದದ ಮೇಲೆ ದಪ್ಪವಾಗಿ ಬರೆದುಕೊಟ್ಟರು. ಬೆರಳು ಚುಚ್ಚಿ ರಕ್ತ ನೋಡಿದರೆ ರೋಜಾ ಮುರಿಯುತ್ತದೆಂಬ ಅನುಮಾನ ಅಬ್ಬಾಜಾನ್ ಅವರಿಗಿತ್ತು. ಡಾಕ್ಟರು, "ಅದನ್ನು ನಾನು ಹೇಳುವುದಕ್ಕಿಂತ ನಿಮ್ಮ ಮೌಲಾನಾ ಹೇಳಲಿ" ಎಂದು ಮಸೀದಿಗೆ ಕಳುಹಿಸಿದರು. ಮುರಿಯುವುದಿಲ್ಲ, ಜೀವಕ್ಕೆ ಅಪಾಯವಿದ್ದರೆ ರೋಜಾ ಬಿಡುವ ರಿಯಾಯಿತಿ ಧರ್ಮದಲ್ಲಿಯೇ ಇದೆ ಎಂದರು ಮೌಲಾನಾ. ಆ ವರ್ಷ ಅಬ್ಬಾಜಾನ್ ಎರಡು ರೋಜಾಗಳನ್ನು ತಾವಾಗಿಯೇ ಮುರಿದರು. ಅವರಿಗೆ ಅದು ಎಷ್ಟು ದೊಡ್ಡ ಮಾತು ಎಂಬುದು ಮನೆಯವರಿಗೆ ಗೊತ್ತು.

ಅವರಿಗೆ ಹಿಂದೆ ಕೊಟ್ಟಿದ್ದ ಊಟದ ಪಟ್ಟಿಯಲ್ಲಿ ಓಟ್ಸ್, ಬ್ರೌನ್ ಬ್ರೆಡ್, ಸಲಾಡ್ ಇದ್ದವು. ನಮ್ಮ ಮನೆಯಲ್ಲಿ ಜೋಳದ ರೊಟ್ಟಿ, ಮಡಕಿ ಕಾಳಿನ ಪಲ್ಯ, ಶೇಂಗಾ ಚಟ್ನಿ ಇರುತ್ತವೆ. ಎಷ್ಟು ರೊಟ್ಟಿ ಎಂದು ಹೇಳಿದ್ದರೆ ಸಾಕಿತ್ತು.

ಉತ್ತರ 4: ಒಪಿಡಿಯಲ್ಲಿ (ಹೊರರೋಗಿ ವಿಭಾಗದಲ್ಲಿ) ಕುಳಿತವನು

ಎಲ್ಲವೂ ಸರಿ. ಆದರೆ ಬೆಳಿಗ್ಗೆ ಒಂಬತ್ತರಿಂದ ಒಂದೂವರೆಯವರೆಗೆ ನೂರೈವತ್ತು ಜನರನ್ನು ಒಬ್ಬನೇ ನೋಡುವವನ ಕಷ್ಟವನ್ನೂ ಕೇಳಿ. ಒಬ್ಬರಿಗೆ ಎರಡು ನಿಮಿಷವೂ ಸಿಗುವುದಿಲ್ಲ. ಅದರಲ್ಲಿ ನೋಟ್‌ಬುಕ್, ದನಿಮುದ್ರಣ, ಮೌಲಾನಾ ಎಲ್ಲಿ ಹಿಡಿಸುತ್ತವೆ? ಮನಸ್ಸಿಲ್ಲವೆಂದಲ್ಲ. ಖಾಲಿ ಹುದ್ದೆಗಳು ತುಂಬದೆ ನಮ್ಮ ತಾಳ್ಮೆಯನ್ನು ಮಾತ್ರ ಅಳೆಯುವುದು ನೋವು ಕೊಡುತ್ತದೆ.

ಉತ್ತರ 5: ಬೆಳಗಾವಿಯ ಫಾರ್ಮಸಿಸ್ಟ್

ಮೇಲಿನ ಸಾಹೇಬರ ಮಾತನ್ನು ಒಪ್ಪುತ್ತೇನೆ. ಆದ್ದರಿಂದಲೇ ಎಲ್ಲವನ್ನೂ ಡಾಕ್ಟರ ಎರಡು ನಿಮಿಷದೊಳಗೆ ತುರುಕಬಾರದು. ನಮ್ಮ ಕಿಟಕಿಗೆ ಕನ್ನಡ, ಮರಾಠಿ, ಉರ್ದು ಮೂರೂ ಬರುತ್ತವೆ. ನಾನು ಗುಳಿಗೆಯ ಲಕೋಟೆಯ ಮೇಲೆ ಪೆನ್ನಿನಿಂದ ಉದಯಿಸುವ ಸೂರ್ಯ, ನೆತ್ತಿಯ ಸೂರ್ಯ, ಚಂದ್ರ ಬರೆದು, ಅದರ ಕೆಳಗೆ ಗುಳಿಗೆಗಳಷ್ಟು ಚುಕ್ಕೆ ಇಡುತ್ತೇನೆ. ಊಟಕ್ಕೆ ಮೊದಲಾದರೆ ಖಾಲಿ ತಾಟು, ಆಮೇಲಾದರೆ ತಾಟಿನಲ್ಲಿ ರೊಟ್ಟಿ.

ನನ್ನ ತಂಗಿ ಅಮೆರಿಕದಲ್ಲಿ ನರ್ಸ್. ಅಲ್ಲಿ ಆಸ್ಪತ್ರೆಗಳು ಫೋನಿನಲ್ಲಿ ದುಭಾಷಿಯನ್ನು ಕರೆಸಿಕೊಳ್ಳುತ್ತವೆ. ತುರ್ತು ಸಂದರ್ಭದ ಹೊರತು ಮಕ್ಕಳಿಂದ ಭಾಷಾಂತರ ಮಾಡಿಸಬಾರದೆಂದು 2016ರಿಂದ ಅಲ್ಲಿನ ಸರ್ಕಾರದ ನಿಯಮವೇ ಇದೆ. ನಮ್ಮಲ್ಲಿಯೂ ಬರಿಗೈಯಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದನ್ನು 2019ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ರಾಜ್ಯಗಳಿಗೆ ಕಳುಹಿಸಿತು. ಕಾಯಿಲೆಯ ಬಗ್ಗೆ ರೋಗಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು ಎಂದು ಅದರಲ್ಲಿ ಇದೆ. ಸಿಸ್ಟರ್, ಆ ಬಾಯಿಗೆ ಗೌರವಧನ ಕೇಳುವಾಗ ಇದನ್ನು ಅರ್ಜಿಯಲ್ಲಿ ಸೇರಿಸಿ. ಆಸ್ಪತ್ರೆಯ ಖರ್ಚುವೆಚ್ಚ ನೋಡುವ ನಿಮ್ಮ ಆರೋಗ್ಯ ರಕ್ಷಾ ಸಮಿತಿಯ ಮುಂದೆ ಇಡಿ.

ಪ್ರಶ್ನೆ ಕೇಳಿದವರು: ವಿಜಯಪುರ ಜಿಲ್ಲೆಯ ನರ್ಸ್

ಎಲ್ಲರಿಗೂ ಕೈಮುಗಿದು ನಮಸ್ಕಾರ. ಒಪಿಡಿಯ ಸಾಹೇಬರೇ, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಡಾಕ್ಟರೂ ನಿಮ್ಮಂತೆಯೇ ಒಬ್ಬರೇ ಇದ್ದಾರೆ. ಆದರೆ ಆ ಹೆಣ್ಣುಮಗಳ ಮೊದಲ ಎರಡು ನಿಮಿಷ ನಮಗೆ ಉಳಿತಾಯವಾಗಲಿಲ್ಲ. ಐದು ವಾರದ ಮೇಲೆ ಎರಡು ಬಾಟಲಿ ರಕ್ತ, ಒಂದು ಆಂಬುಲೆನ್ಸ್, ನಾಲ್ಕು ದಿನದ ಹಾಸಿಗೆ ಬೇಕಾದವು. ಇದನ್ನೇ ಸಮಿತಿಯ ಮುಂದೆ ಲೆಕ್ಕವಾಗಿ ಇಡುತ್ತೇನೆ. ಫಾರ್ಮಸಿಸ್ಟ್ ಅಣ್ಣ ಹೇಳಿದಂತೆ ಅರ್ಜಿ ಬರೆದಿದ್ದೇನೆ. ಸಂತೆಯ ದಿನ ಬೆಳಿಗ್ಗೆ ಮೂರು ತಾಸು ಆ ಬಾಯಿಗೆ ಪೊರಕೆಯ ಕೆಲಸ ಬೇಡ, ಹೊರರೋಗಿ ವಿಭಾಗದಲ್ಲಿ ಕುರ್ಚಿ ಹಾಕಿ ಕೂಡಿಸೋಣ, ಅದಕ್ಕೆ ಬೇರೆ ಗೌರವಧನ ಕೊಡೋಣ ಎಂದು ಕೇಳಿದ್ದೇನೆ. ನಮ್ಮ ಡಾಕ್ಟರು ಸಹಿ ಹಾಕಿದ್ದಾರೆ. ಹಣ ಇನ್ನೂ ಮಂಜೂರಾಗಿಲ್ಲ. ಕುರ್ಚಿ ಮಾತ್ರ ಬಂದಿದೆ.

ಆ ತಾಯಿ ಮೊನ್ನೆ ಬಂದಿದ್ದಳು, ಹಿಮೋಗ್ಲೋಬಿನ್ 9.4. ಮಗನೂ ಜೊತೆಯಲ್ಲಿದ್ದ. ಪರದೆಯ ಹತ್ತಿರ ನಿಂತು, "ಇವತ್ತು ನಾನು ಹೇಳಬೇಕೇ?" ಎಂದು ಕೇಳಿದ. ಬೇಡಪ್ಪಾ, ನೀನು ಹೊರಗೆ ಕೂಡು ಎಂದೆ. ಗಂಟೆ ಹತ್ತಾಗಿತ್ತು. ಈಗ ಹೊರಟರೆ ಎರಡನೆಯ ಪೀರಿಯಡ್‌ಗೆ ಶಾಲೆ ಸಿಗುತ್ತದೆ ಎಂದು ತಾಯಿಗೆ ಹೇಳಿ ಓಡಿದ.

ತಾಂಡಾದ ತಂಗೀ, ನಿನ್ನ ದನಿಮುದ್ರಣಗಳನ್ನು ಕಳುಹಿಸಿಕೊಡುತ್ತೀಯಾ? ಮುಟ್ಟಿನ ಬಗ್ಗೆ ಕೇಳುವ ಪ್ರಶ್ನೆಗಳನ್ನೂ ನಿನ್ನ ದನಿಯಲ್ಲಿ ಹೇಳಿಕೊಟ್ಟರೆ ನಮ್ಮ ಬಾಯಿ ರಜೆಯಿದ್ದ ದಿನವೂ ಕೆಲಸ ನಡೆಯುತ್ತದೆ. ನಮ್ಮ ಕಡೆಯ ತಾಂಡಾಗಳಿಗೆ ನೀನು ಹೊರಗಿನವಳು, ಆದ್ದರಿಂದ ನಿನ್ನ ದನಿಗೆ ಯಾರೂ ನಾಚಲಾರರು.